ಫೋನಿಗೆ ತೋರಿಸಿದ ಅನ್ನ

ಮೊನ್ನೆ ಸೊಳ್ಳೆಗೆ ಹಚ್ಚಿಕೊಳ್ಳುವ ಹೊಸ ಎಣ್ಣೆಯೊಂದರ ಸ್ಯಾಂಪಲ್ ಹಿಡಿದುಕೊಂಡು ಕಂಪನಿಯವರೊಬ್ಬರು ನಮ್ಮ ಔಷಧಿ ಅಂಗಡಿಗೆ ಬಂದಿದ್ದರು. ಮುಚ್ಚಳ ತಿರುಗಿಸುವಾಗ ಒಂದಿಷ್ಟು ಎಣ್ಣೆ ಗಾಜಿನ ಕೌಂಟರಿನ ಮೇಲೆ ಚೆಲ್ಲಿತು. ಮಜ್ಜಿಗೆ ಹುಲ್ಲಿನ ವಾಸನೆ. ಬೇರೆಯವರಿಗೆ ಅದು ನಿಂಬೆಹಣ್ಣಿನಂಥ ತಂಪು ಪರಿಮಳ. ನಾನು ಮಾತ್ರ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅವರು ಎಷ್ಟು ಬಾಟಲಿಗೆ ಎಷ್ಟು ಫ್ರೀ ಎಂದು ವಿವರಿಸುತ್ತಲೇ ಇದ್ದರು. ನಾನು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನನ್ನ ಅಂಗಡಿಯಲ್ಲಿ ಇರಲೇ ಇಲ್ಲ. ಲಾವೋಸ್ ದೇಶದ ಯಾವುದೋ ರಸ್ತೆ ಬದಿಯ ತಗಡಿನ ಚಪ್ಪರದ ಕೆಳಗೆ, ಟೀಚರ ಬೆವೆತ ಕೈ ಹಿಡಿದುಕೊಂಡು ಕೂತಿದ್ದೆ. ಪಕ್ಕದ ಒಲೆಯ ಮೇಲೆ ಕುದಿಯುತ್ತಿದ್ದ ಸಾರಿಗೆ ಈ ಹುಲ್ಲನ್ನೇ ಗಂಟು ಕಟ್ಟಿ ಹಾಕಿದ್ದರು...

ಟೀಚರ್ ನಮ್ಮ ಎದುರು ಮನೆಯವರು. ನನಗೆ ಪಾಠ ಹೇಳಿದವರಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಆಡಿಸುತ್ತಿದ್ದರು, ಗೈಡ್ಸ್ ನೋಡಿಕೊಳ್ಳುತ್ತಿದ್ದರು. ಇಡೀ ಬೀದಿಗೆ ಅವರು ಟೀಚರ್. ಅವರ ಯಜಮಾನರೂ ಮನೆಯೊಳಗೆ ಹಾಗೇ ಕರೆಯುತ್ತಿದ್ದರು. ಸೀಟಿ ಊದಿ, ಮೈದಾನದ ಆ ತುದಿಗೆ ಕೂಗಿ ಪಳಗಿದ ಗಂಟಲು. ಅವರು ಗುಟ್ಟು ಹೇಳಿದರೆ ಮೂರನೆಯ ಮನೆಗೆ ಕೇಳಿಸುತ್ತಿತ್ತು. ಹಗ್ಗಕ್ಕೆ ಗಂಟು ಹಾಕುವುದರಲ್ಲಂತೂ ಅವರನ್ನು ಮೀರಿಸುವವರಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ಯಾರ ಮನೆಯಲ್ಲಿ ಜೋಲಿದರೂ ತಾವೇ ಹೋಗಿ ಬಿಚ್ಚಿ, ಬಿಗಿದು, "ಇದು ಗಂಟು ಅಂದ್ರೆ" ಎಂದು ಹೇಳಿ ಬರುತ್ತಿದ್ದರು.

ನನ್ನದು ಹುಟ್ಟಾ ಹೆದರುವ ಜೀವ. ಔಷಧಿ ಅಂಗಡಿ ಇಟ್ಟ ಮೇಲೆ ಅದು ಇನ್ನಷ್ಟು ಹೆಚ್ಚಾಯಿತು. ಯಾರಾದರೂ ಎರಡು ಸಲ ಕೆಮ್ಮಿದರೆ ಎದೆಯ ಎಕ್ಸ್‌ರೇ ಕಣ್ಣ ಮುಂದೆ ಬರುತ್ತದೆ. ಇಂಥ ನನ್ನನ್ನು ಸೈಕಲ್ ಹತ್ತಿಸಿದವರು ಟೀಚರ್. ಮಂಡಿ ನೋವು ಎಂದು ಮುಲಾಮು ಹಚ್ಚಿಕೊಂಡು ಕೂತಿದ್ದವಳನ್ನು, "ಆ ಡಬ್ಬಿ ಅತ್ಲಾಗಿಡು, ಪೆಡ್ಲು ತುಳಿ, ತಾನೇ ಹೋಗ್ತೈತೆ" ಎಂದು ಎಬ್ಬಿಸಿಕೊಂಡು ಹೋದರು. ನಮ್ಮ ಜೊತೆಗೆ ಆನೆಕೊಂಡದ ರೇಣುಕಾ ಸೇರಿಕೊಂಡಳು. ಅವಳು ಟೀಚರ ಹಳೆಯ ಶಿಷ್ಯೆ, ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಳು. ಹೆದರಿಕೆ ಎಂದರೇನೆಂದು ಗೊತ್ತಿಲ್ಲದ ಹೆಂಗಸು. ಹಸಿವೊಂದು ಬಿಟ್ಟು ಬೇರೆ ಯಾವುದಕ್ಕೂ ಅವಳು ತಲೆ ಕೆಡಿಸಿಕೊಂಡದ್ದನ್ನು ನಾನು ನೋಡಿಲ್ಲ.

ಭಾನುವಾರ ಬೆಳಿಗ್ಗೆ ಮೂವರೂ ಹಳೇ ಪಿ.ಬಿ. ರಸ್ತೆ ಹಿಡಿದು ಹರಿಹರಕ್ಕೆ ಹೋಗುತ್ತಿದ್ದೆವು. ಸೇತುವೆ ಮೇಲೆ ನಿಂತು ಹೊಳೆ ನೋಡಿ, ಊರೊಳಗಿನ ಒಂದು ಸಣ್ಣ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ವಾಪಸ್ ಬರುವುದು. ತಿನ್ನುವ ಮೊದಲು ಟೀಚರದ್ದು ಒಂದು ಕ್ರಮವಿತ್ತು. ಕುರ್ತಾದೊಳಗಿನಿಂದ ಶಿವದಾರ ಹಿಡಿದು ಬೆಳ್ಳಿಯ ಕರಡಿಗೆಯನ್ನು ಹೊರಗೆ ಎಳೆದು, ತಟ್ಟೆಯ ಕಡೆಗೊಮ್ಮೆ ಹಿಡಿದು, ಕಣ್ಣಿಗೊತ್ತಿಕೊಂಡು ಮತ್ತೆ ಒಳಗೆ ಬಿಡುತ್ತಿದ್ದರು. ಕರಡಿಗೆಯೊಳಗೆ ಅವರ ಇಷ್ಟಲಿಂಗ. ಹುಟ್ಟಿದ ಮನೆಯಲ್ಲಿ, ಲೋಕಿಕೆರೆಯಲ್ಲಿ, ಚಿಕ್ಕವರಿದ್ದಾಗ ಮಠದ ಅಯ್ಯನೋರು ಕಟ್ಟಿದ್ದು. ಲಿಂಗಕ್ಕೆ ತೋರಿಸದೆ ಒಂದು ತುತ್ತು, ಒಂದು ಗುಟುಕು ನೀರು ಅವರ ಬಾಯಿಗೆ ಹೋಗುವ ಹಾಗಿರಲಿಲ್ಲ. ರೇಣುಕಾ ಆಗಲೇ ಅರ್ಧ ಮೆಣಸಿನಕಾಯಿ ಮುಗಿಸಿರುತ್ತಿದ್ದಳು. ನನಗೂ ಲಿಂಗ ಕಟ್ಟಿದ್ದಾರೆ, ಆದರೆ ನಾನು ಹಬ್ಬಕ್ಕೊಮ್ಮೆ ನೆನಪಿಸಿಕೊಳ್ಳುವ ಪೈಕಿ. ಟೀಚರ ಯಜಮಾನರು ನನಗಿಂತ ಕಡೆ. ಅವರ ಲಿಂಗ ಮದುವೆಯಾದಾಗಿನಿಂದ ದೇವರ ಜಗಲಿಯ ಮೇಲೇ ಇತ್ತು. ದಾರ ಕಟ್ಟಿಕೊಂಡರೆ ಕುತ್ತಿಗೆ ತುರಿಸುತ್ತದೆ ಎಂದು ಅವರ ನೆವ. ಟೀಚರ್ ಬೈದು ಬೈದು ಸೋತಿದ್ದರು.

ನಿವೃತ್ತಿಯಾದ ವರ್ಷ ಟೀಚರ್ ಒಂದು ದಿನ ಅಂಗಡಿಗೆ ಬಂದು ಕೌಂಟರಿನ ಮೇಲೆ ಭೂಪಟ ಹಾಸಿದರು. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ. ಬೆರಳಿನಿಂದ ಒಂದು ದೇಶ ದಾಟಿ ಇನ್ನೊಂದಕ್ಕೆ ಹೋದರು, ಚೌಕಿಪೇಟೆಯಿಂದ ಮಂಡಿಪೇಟೆಗೆ ಹೋಗುವಷ್ಟು ಸಲೀಸಾಗಿ. ಅಲ್ಲಿ ಹೊಳೆ ದಂಡೆಗುಂಟ ಒಳ್ಳೆ ರಸ್ತೆ ಇದೆಯಂತೆ, ಟೆಂಟ್ ಹಾಕಿಕೊಂಡು ಮಲಗಬಹುದಂತೆ, ಹೆಂಗಸರು ಒಬ್ಬೊಬ್ಬರೇ ಸೈಕಲ್ ಮೇಲೆ ತಿರುಗುತ್ತಾರಂತೆ. ನಾನು ಸಾಧ್ಯವೇ ಇಲ್ಲ ಎಂದೆ. ನನ್ನ ಯಜಮಾನರು "ಹೋಗಿ ಬಾ, ಅಂಗಡಿ ನಾನು ನೋಡ್ಕೋತೀನಿ" ಎಂದು ಇದ್ದ ಒಂದು ನೆಪವನ್ನೂ ಕಿತ್ತುಕೊಂಡರು. ರೇಣುಕಾ ಭೂಪಟವನ್ನು ನೋಡಲೂ ಇಲ್ಲ. "ಅಲ್ಲಿ ಊಟಕ್ಕೇನು ಸಿಗ್ತೈತ್ರಿ ಟೀಚರ್?" ಎಂದಷ್ಟೇ ಕೇಳಿ ಮೂವರ ಸೈಕಲ್ಲಿಗೂ ಚೀಲ ಹೊಲಿಯಲು ಅಳತೆ ತೆಗೆದುಕೊಂಡಳು.

ಟೆಂಟ್ ಹಾಕುವ ಅಭ್ಯಾಸ ಹರಿಹರದ ಹೊಳೆ ದಂಡೆಯ ಮೇಲೆ ನಡೆಯಿತು. ಎಮ್ಮೆ ಮೈ ತೊಳೆಯಲು ಬಂದವರು ಸುತ್ತ ನಿಂತು, ಇದು ಯಾವ ಪಕ್ಷದ ಕಾರ್ಯಕ್ರಮ ಎಂದು ವಿಚಾರಿಸಿದರು. ಟೀಚರ್ ಅವರಿಗೂ ಹಗ್ಗ ಕೊಟ್ಟು ಗಂಟು ಕಲಿಸಿದರು. ನನ್ನ ತಲೆಯಲ್ಲಿ ಮಾತ್ರ ಬೇರೆ ಲೆಕ್ಕ ಓಡುತ್ತಿತ್ತು. ಟೀಚರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಪೂಜೆ ಮುಗಿಸಿ, ತೀರ್ಥ ತೆಗೆದುಕೊಳ್ಳುವಾಗಲೇ ಗುಳಿಗೆ ನುಂಗುತ್ತಿದ್ದರು. ಗುಳಿಗೆ ಒಳಗೆ ಹೋದ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು. ಬೀಳದಿದ್ದರೆ ಸಕ್ಕರೆ ಸರ್ರನೆ ಇಳಿದುಬಿಡುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಆಮೇಲೆ... ಆಮೇಲಿನದನ್ನು ನಾನು ಯೋಚಿಸದಿರಲು ನೋಡುತ್ತಿದ್ದೆ. ಹೊರಡುವ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಟೀಚರ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. ಮುಚ್ಚಿದ ಹತ್ತಿ ಗಿರಣಿಯ ಆಫೀಸಿನಲ್ಲಿ ಕೆಲಸ ಮಾಡಿದ್ದವರು, ಎಂಥ ಹೊತ್ತಿನಲ್ಲೂ ತಮಾಷೆ ಬಿಡದ ಮನುಷ್ಯ. ಅವತ್ತು ತಮಾಷೆ ಮಾಡಲಿಲ್ಲ.

"ಟೀಚರ್ ಯಾರ ಮಾತೂ ಕೇಳಂಗಿಲ್ಲ, ನಿಂಗೊತ್ತೈತೆ. ಗುಳಿಗೆ, ಊಟ ಎರಡೂ ನಿನ್ನ ಮ್ಯಾಲೆ ಬಿಟ್ಟೀನಿ ನೋಡವ್ವ."

ಆಯ್ತು ಮಾಮ ಎಂದೆ. ಅಂದಿನಿಂದ ನನಗೆ ನೆಮ್ಮದಿಯಾಗಿ ಉಸಿರಾಡಲಾಗಲಿಲ್ಲ.

ಥಾಯ್ಲೆಂಡ್ ಚೆನ್ನಾಗಿಯೇ ಕಳೆಯಿತು, ಅಂದರೆ ಮಿಕ್ಕಿಬ್ಬರಿಗೆ. ನಾನು ಹಿಂದಿನಿಂದ ಬರುವ ಲಾರಿ, ಮುಂದಿನಿಂದ ಬರುವ ನಾಯಿ, ಆಕಾಶದಲ್ಲಿ ಕಟ್ಟುವ ಮೋಡ ಎಲ್ಲವನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಪೆಡಲ್ ತುಳಿದೆ. ಅಲ್ಲಿಯವರು ಬುದ್ಧನ ಗುಡಿಗಳ ಅಂಗಳದಲ್ಲಿ ಟೆಂಟ್ ಹಾಕಲು ಬಿಡುತ್ತಿದ್ದರು. ಯಾವ ಸಾರಿನಲ್ಲಿ ಮೀನು ಇದೆಯೋ ಯಾವುದರಲ್ಲಿ ಇಲ್ಲವೋ ತಿಳಿಯದೆ ನಾವೇ ಸಣ್ಣ ಗ್ಯಾಸ್ ಒಲೆಯ ಮೇಲೆ ಅವಲಕ್ಕಿ, ಉಪ್ಪಿಟ್ಟು ಮಾಡಿಕೊಳ್ಳುತ್ತಿದ್ದೆವು. ಶೇಂಗಾ ಚಟ್ನಿಪುಡಿ ಡಬ್ಬಿಗಟ್ಟಲೆ ತಂದಿದ್ದೆವು. ಬೆಳಿಗ್ಗೆ ಟೆಂಟಿನ ಮುಂದೆ ಟೀಚರ್ ಎಡಗೈ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಗುಡಿಯ ಭಿಕ್ಷುಗಳು ದೂರದಲ್ಲೇ ನಿಂತು ಮುಗಿಯುವ ತನಕ ಕಾಯುತ್ತಿದ್ದರು. ಮೆಕಾಂಗ್ ಹೊಳೆ ದಾಟಿ ಲಾವೋಸಿಗೆ ಬಂದಾಗ ಟೀಚರ್ ಸೇತುವೆ ಮೇಲೆ ಸೈಕಲ್ ನಿಲ್ಲಿಸಿ, "ನಮ್ಮ ಹರಿಹರದ ಹೊಳೆ ಇದ್ರ ಮೊಮ್ಮಗಳು ಅನ್ನಬೌದು ನೋಡ್ರೇ" ಎಂದು ನಕ್ಕರು. ಆ ನಗೆ ನೋಡಿ ನನಗೂ ಒಂದು ಗಳಿಗೆ ಧೈರ್ಯ ಬಂದಿತ್ತು.

ಒಂದು ವಿಷಯ ಹೇಳಬೇಕು. ಹೊರಡುವ ಮುಂಚೆ ಟೀಚರ್ ಶಿವದಾರ ಬದಲಾಯಿಸಿದ್ದರು. ಹಳೆಯದು ದಪ್ಪ ಹತ್ತಿ ದಾರ, ವರ್ಷಗಟ್ಟಲೆ ವಿಭೂತಿ, ಬೆವರು ಕುಡಿದು ಗಟ್ಟಿಯಾಗಿತ್ತು. ದೂರದ ಪ್ರಯಾಣಕ್ಕೆ ಹೊಸದೇ ಇರಲಿ ಎಂದು ಪೇಟೆಯಿಂದ ರೇಷ್ಮೆಯಂಥ ನುಣುಪಿನ ದಾರ ತಂದು, ಕರಡಿಗೆಯ ಎರಡೂ ಕಿವಿಯಲ್ಲಿ ಪೋಣಿಸಿ ತಾವೇ ಗಂಟು ಹಾಕಿಕೊಂಡಿದ್ದರು. ಅಷ್ಟು ನಯವಾದ ದಾರದಲ್ಲಿ ಗಂಟು ನಿಲ್ಲುತ್ತದೋ ಇಲ್ಲವೋ ಎಂದು ಹೊಲಿಗೆಯವಳಾದ ರೇಣುಕಾಗೆ ಅನುಮಾನವಿತ್ತು. ಸೂಜಿಯಿಂದ ಎರಡು ಹೊಲಿಗೆ ಹಾಕಿಕೊಡಲೇ ಎಂದು ಕೇಳಿದ್ದಳು. "ನನ್ನ ಗಂಟಿಗೆ ಹೊಲಿಗಿ ಬೇಕೇನೇ?" ಎಂದು ಟೀಚರ್ ಅವಳ ಬಾಯಿ ಮುಚ್ಚಿಸಿದ್ದರು.

ಆ ದಿನ ಬೆಳಿಗ್ಗೆ ಹೊಳೆ ದಂಡೆಯಲ್ಲಿ ಟೆಂಟ್ ಬಿಚ್ಚುವಾಗ ಗ್ಯಾಸ್ ಮುಗಿದಿತ್ತು. ಮುಂದಿನ ಹಳ್ಳಿ ಹತ್ತಿರವೇ ಇದೆ, ಅಲ್ಲಿ ಬಿಸಿ ಅನ್ನ ಕೊಂಡು ಚಟ್ನಿಪುಡಿ ಹಾಕಿಕೊಂಡು ತಿಂದರಾಯಿತು ಎಂದಳು ರೇಣುಕಾ. ನಾನು ಈ ಮಾತು ಕೇಳಿಸಿಕೊಂಡು ತಿರುಗುವಷ್ಟರಲ್ಲಿ ಟೀಚರ್ ಪೂಜೆ ಮುಗಿಸಿ, ತೀರ್ಥದ ಜೊತೆ ಗುಳಿಗೆ ನುಂಗಿ ಆಗಿತ್ತು. ಇರಲಿ, ಹತ್ತಿರವೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ರಸ್ತೆ ಕೆಂಪು ಮಣ್ಣಿನದು, ಗುಂಡಿ ಬಿದ್ದದ್ದು. ಸೈಕಲ್ ಕುಣಿದಾಡುತ್ತಿತ್ತು. ಹಳ್ಳಿ ಅಂದುಕೊಂಡದ್ದಕ್ಕಿಂತ ತಡವಾಗಿ ಬಂತು.

ತಗಡಿನ ಚಪ್ಪರದ ಆ ಹೋಟೆಲಿನಾಕೆ ನಮ್ಮ ಕೈಸನ್ನೆ ಅರ್ಥ ಮಾಡಿಕೊಂಡು, ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಹಬೆಯಾಡುವ ಅಂಟು ಅನ್ನ ತಂದಿಟ್ಟಳು. ರೇಣುಕಾ ಚಟ್ನಿಪುಡಿ ಡಬ್ಬಿ ತೆಗೆದಳು. ಟೀಚರ ಕೈ ಎಂದಿನಂತೆ ಕುತ್ತಿಗೆಗೆ ಹೋಯಿತು. ದಾರ ಎಳೆದರು. ದಾರ ಬಂತು. ಅದರ ತುದಿಯಲ್ಲಿ ಏನೂ ಇರಲಿಲ್ಲ.

ಅವರು ಕೂಗಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಅಂಥ ಗಂಟಲಿನ ಹೆಂಗಸು ಬಾಯಿ ತೆರೆದು ಸದ್ದೇ ಇಲ್ಲದೆ ಕೂತರು. ಆಮೇಲೆ ಎದ್ದು ಕುರ್ತಾ ಕೊಡವಿದರು, ಸಾಕ್ಸ್ ಬಿಚ್ಚಿ ನೋಡಿದರು, ಚೀಲಗಳನ್ನು ನೆಲಕ್ಕೆ ಸುರಿದರು. ನಾವೂ ಸುರಿದೆವು. ಇಲ್ಲ. ಗಂಟು ಜಾರಿ, ಕುಣಿಯುವ ಸೈಕಲ್ಲಿನ ಮೇಲಿಂದ ಕರಡಿಗೆ ಎಲ್ಲೋ ದಾರಿಯಲ್ಲಿ ಬಿದ್ದಿತ್ತು. ರೇಣುಕಾ ಅನ್ನ ಮುಟ್ಟದೆ ಸೈಕಲ್ ಹತ್ತಿ ಬಂದ ದಾರಿಯಲ್ಲೇ ವಾಪಸ್ ಹೊರಟಳು. ಅವಳು ಬಿಸಿ ಅನ್ನ ಬಿಟ್ಟು ಎದ್ದದ್ದನ್ನು ನೋಡಿದ್ದು ಅದೊಂದೇ ಸಲ.

ನಾನು ಬುಟ್ಟಿ ಟೀಚರ ಮುಂದೆ ಸರಿಸಿದೆ.

"ಟೀಚರ್, ಗುಳಿಗೆ ಒಳಗೈತ್ರಿ. ಎರಡು ತುತ್ತು ಉಣ್ರಿ. ಅಕಿ ತಂದೇ ತರ್ತಾಳೆ."

"ತಂದ ಮ್ಯಾಲೆ ಉಣ್ತೀನಿ."

"ನೀರಾದ್ರೂ... ಗ್ಲೂಕೋಸ್ ಹಾಕಿ ಕೊಡ್ತೀನಿ."

"ಬ್ಯಾಡ ಅಂದೆನಲ್ಲ."

ಹಟಕ್ಕೆ ಆಡಿದ ಮಾತಲ್ಲ ಅದು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವರು ತೀರಾ ಮೆಲ್ಲಗೆ, ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ ಹೇಳಿದರು. ಲಿಂಗ ಮೈಮೇಲಿಲ್ಲದ ಮೇಲೆ ಅವರ ಪಾಲಿಗೆ ಅನ್ನ ಅನ್ನವೇ ಅಲ್ಲ. ಲಿಂಗ ಕಳೆದುಕೊಂಡವರು ಉಪವಾಸ ಬಿದ್ದು ಜೀವ ಬಿಟ್ಟ ಕತೆಗಳನ್ನು ಅಜ್ಜಿಯ ಬಾಯಲ್ಲಿ ನಾನೂ ಕೇಳಿದ್ದೆ. ಕತೆ ಎಂದುಕೊಂಡಿದ್ದೆ. ಈಗ ಅದು ನನ್ನ ಎದುರಿಗೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿತ್ತು.

ಸ್ವಲ್ಪ ಹೊತ್ತಿಗೆ ಅವರ ಮೇಲ್ದುಟಿಯ ಮೇಲೆ ಬೆವರು ಮೂಡಿತು. ಬಿಸಿಲಿನ ಬೆವರು ಬೇರೆ, ಇದು ಬೇರೆ. ನನ್ನ ಕಣ್ಣಿಗೆ ಗೊತ್ತಾಗುತ್ತದೆ. ಕೈ ಮುಟ್ಟಿದೆ, ತಣ್ಣಗಿತ್ತು, ಒಳಗೆ ಸಣ್ಣಗೆ ನಡುಗುತ್ತಿತ್ತು. ಗ್ಲೂಕೋಸ್ ಪುಡಿಯ ಪೊಟ್ಟಣ ನನ್ನ ಮುಷ್ಟಿಯಲ್ಲೇ ಇತ್ತು. ಎಚ್ಚರ ತಪ್ಪಿದ ಮೇಲೆ ಬಾಯಿಗೆ ಹಾಕುವ ಹಾಗಿಲ್ಲ, ಉಸಿರಿನ ನಾಳಕ್ಕೆ ಹೋಗುತ್ತದೆ. ಎಚ್ಚರ ಇರುವಾಗಲೇ ತಿನ್ನಿಸಬೇಕು. ಎಚ್ಚರ ಇರುವ ತನಕ ಅವರು ತಿನ್ನುವುದಿಲ್ಲ. ಬಲವಂತವಾಗಿ ತುರುಕಿಬಿಡಲೇ ಎಂದುಕೊಂಡೆ. ತುರುಕಿದರೆ ಬದುಕುತ್ತಾರೆ, ಆದರೆ ಇನ್ನು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ನೋಡದಿದ್ದರೂ ಪರವಾಗಿಲ್ಲ, ಬದುಕಲಿ. ಇಲ್ಲ, ಉಗುಳಿಬಿಟ್ಟರೆ? ಈ ಹಳ್ಳಿಯಲ್ಲಿ ಡ್ರಿಪ್ ಹಾಕುವವರು ಯಾರಿದ್ದಾರೆ? ಆಸ್ಪತ್ರೆಗೆ ಈ ಭಾಷೆಯಲ್ಲಿ ಏನನ್ನುತ್ತಾರೆ? ದಾವಣಗೆರೆ ಸ್ಟೇಷನ್ನಿನಲ್ಲಿ ನಿಂತಿದ್ದ ಮಾಮನ ಮುಖ ಕಣ್ಣ ಮುಂದೆ ಬಂತು. ಅವರಿಗೆ ವಿಡಿಯೊ ಕಾಲ್ ಹಚ್ಚಿದೆ.

ಗಡಿಯಾರದಲ್ಲಿ ದಾವಣಗೆರೆ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲಿ ಇನ್ನೂ ನಸುಕು ಕಳೆದು ಬೆಳಗಾಗುತ್ತಿತ್ತು. ಮಾಮ ಬನಿಯನ್ನಿನಲ್ಲಿ ಚಹಾ ಲೋಟ ಹಿಡಿದುಕೊಂಡು ಕಾಣಿಸಿದರು. "ಏನವ್ವ, ಯಾವ ದೇಶ ಗೆದ್ರಿ ಇವತ್ತು?" ಎಂದರು. ನಾನು ಅಳುತ್ತಲೇ ಎಲ್ಲ ಹೇಳಿದೆ. ಅವರ ಮುಖದ ನಗೆ ಹಾಗೇ ನಿಂತುಹೋಯಿತು. ಟೀಚರ ಕೈಗೆ ಫೋನ್ ಕೊಡು ಎಂದರು.

"ಟೀಚರ್, ಉಣ್ಣು."

ಟೀಚರ್ ತಲೆ ಅಲ್ಲಾಡಿಸಿದರು. ಮಾತು ಆಗಲೇ ಸ್ವಲ್ಪ ಎಳೆಯುತ್ತಿತ್ತು. "ಯಾವ ಮಕ ಇಟ್ಕೊಂಡು ಉಣ್ಣಲಿ? ನಾನೇ ಹಾಕಿದ ಗಂಟು..."

ಅಯ್ಯನೋರಿಗೆ ಫೋನ್ ಮಾಡಿಸುತ್ತಾರೆ, ಏನಾದರೂ ದಾರಿ ಹೇಳಿಸುತ್ತಾರೆ ಎಂದುಕೊಂಡೆ. ಮಾಮ ಲೋಟ ಕೆಳಗಿಟ್ಟು, "ಕಟ್ ಮಾಡಬ್ಯಾಡ್ರಿ. ಮೈಮ್ಯಾಲೆ ನೀರು ಹಾಕ್ಕೊಂಡು ಬರ್ತೀನಿ" ಎಂದು ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಓಡಿದರು. ನಮಗೆ ಕಾಣುತ್ತಿದ್ದದ್ದು ಅವರ ಮನೆಯ ಸೂರಿನ ಫ್ಯಾನ್ ಮಾತ್ರ. ಒಳಗಿನಿಂದ ಬಕೆಟ್ಟಿನ ಸದ್ದು, ತಂಬಿಗೆ ಬಿದ್ದ ಸದ್ದು, ದಬದಬ ನೀರು ಸುರಿದ ಸದ್ದು. ಆ ಸ್ಥಿತಿಯಲ್ಲೂ ಟೀಚರ್, "ಬಚ್ಚಲ ಬಾಗ್ಲು ಹಾಕ್ಕೊಂಡಿಲ್ಲ ನೋಡು" ಎಂದು ಗೊಣಗಿದರು. ನಾನು ಅವರ ಬೆರಳುಗಳನ್ನು ಉಜ್ಜುತ್ತ, ಬೇಗ ಬರ್ರಿ ಮಾಮ ಎಂದು ಮನಸ್ಸಿನೊಳಗೇ ಕೂಗುತ್ತಿದ್ದೆ. ಅಷ್ಟರಲ್ಲಿ ಕಾಲ್ ಕಟ್ಟಾಯಿತು. ಮತ್ತೆ ಹಚ್ಚಿದೆ, ಸುತ್ತುತ್ತಲೇ ಇತ್ತು. ಹೋಟೆಲಿನಾಕೆ ತನ್ನ ವೈಫೈ ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿ ನಮ್ಮ ಮೇಜಿಗೇ ತಂದಿಟ್ಟಳು. ಪುಣ್ಯಾತ್ಗಿತ್ತಿ, ಅವಳಿಗೆ ಏನೂ ತಿಳಿದಿರಲಿಲ್ಲ, ಎಲ್ಲ ತಿಳಿದಿತ್ತು.

ಕೊನೆಗೆ ಮಾಮ ಬಂದರು. ತಲೆಯಿಂದ ನೀರು ಇಳಿಯುತ್ತಿತ್ತು, ಹೆಗಲ ಮೇಲೆ ಒದ್ದೆ ಟವಲ್, ಹಣೆಗೆ ಅಡ್ಡಾದಿಡ್ಡಿ ವಿಭೂತಿ. ಫೋನನ್ನು ಯಾವುದಕ್ಕೋ ಆನಿಸಿಟ್ಟು, ಎಡಗೈಯನ್ನು ಮುಂದೆ ಚಾಚಿದರು. ಅಂಗೈಯಲ್ಲಿ ಅವರ ಲಿಂಗ. ಮದುವೆಯಾದಾಗಿನಿಂದ ಜಗಲಿ ಬಿಟ್ಟು ಇಳಿಯದಿದ್ದ ಲಿಂಗ.

"ನಿನ್ನದು ಸಿಗೋತನಕ ಇದು ಇಬ್ಬರದು. ಅನ್ನ ತೋರ್ಸು."

ಟೀಚರ್ ಅದನ್ನೇ ನೋಡುತ್ತ ಕೂತರು. ಇದು ನಡೆಯುತ್ತದೋ ಇಲ್ಲವೋ, ಶಾಸ್ತ್ರ ಒಪ್ಪುತ್ತದೋ ಇಲ್ಲವೋ ಎಂದು ಅವರೊಳಗೆ ಏನೇನು ತೂಗಿ ನೋಡಿದರೋ. ಆಮೇಲೆ ನಡುಗುವ ಎರಡೂ ಕೈಯಲ್ಲಿ ಬಿದಿರಿನ ಬುಟ್ಟಿ ಎತ್ತಿ ಫೋನಿನ ಮುಂದೆ ಹಿಡಿದರು.

"ಕಾಣ್ತೈತೇನ್ರಿ?"

"ಹೂಂ, ಕಾಣ್ತೈತೆ. ಬಿಸಿ ಐತೆ, ಹಬಿ ಬರ್ತೈತೆ. ಉಣ್ಣು ಇನ್ನ."

ಟೀಚರ್ ಉಂಡರು. ಮೊದಲ ತುತ್ತು ಗಂಟಲಲ್ಲಿ ನಿಂತು ಕೆಮ್ಮಿದರು. ನಾನು ಗ್ಲೂಕೋಸ್ ನೀರು ಕುಡಿಸಿದೆ, ಅದನ್ನೂ ಫೋನಿಗೆ ತೋರಿಸಿಯೇ ಕುಡಿದರು. ನಿಧಾನಕ್ಕೆ ಕೈಗೆ ಬಿಸುಪು ಬಂತು. ನಾನು ಚಪ್ಪರದ ಹಿಂದೆ ಹೋಗಿ, ಬಾಳೆಗಿಡದ ಬುಡದಲ್ಲಿ ಕೂತು, ಗಟ್ಟಿಯಾಗಿ ಅತ್ತು ಬಂದೆ.

ಲಿಂಗ ಸಿಗಲಿಲ್ಲ. ರೇಣುಕಾ ಬರಿಗೈಯಲ್ಲಿ ಬಂದಳು. ಆ ಹಳ್ಳಿಯ ಹೆಂಗಸರೆಲ್ಲ, ಏನು ಹುಡುಕುತ್ತಿದ್ದೇವೆಂದು ಪೂರ್ತಿ ತಿಳಿಯದಿದ್ದರೂ, ನಮ್ಮ ಜೊತೆ ಮಧ್ಯಾಹ್ನದ ತನಕ ಕೆಂಪು ಧೂಳಿನಲ್ಲಿ ಬಗ್ಗಿ ಬಗ್ಗಿ ನೋಡಿದರು. ಸಂಜೆ ಟೀಚರ್ ಊರಿಗೆ ಹೋಗೋಣ ಎಂದರು. ನನಗೆ ಅಷ್ಟೇ ಬೇಕಾಗಿತ್ತು. ಒಪ್ಪದವರು ಮಾಮ. "ವಾಪಸ್ ಬಂದ್ರೆ ಸಿಗ್ತೈತೇನು? ಮುಂದಕ್ಕೆ ಹೋಗು. ಹೊತ್ತೊತ್ತಿಗೆ ಫೋನ್ ಮಾಡು, ನಾನು ಸ್ನಾನ ಮಾಡ್ಕೊಂಡು ಕುಂತಿರ್ತೀನಿ."

ಹಾಗೇ ನಡೆಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಎದುರು ಮನೆಯ ದೇವರ ಜಗಲಿಯ ಮುಂದೆ ಮಾಮ ಅಂಗೈ ಚಾಚಿ ಕೂತಿರುತ್ತಿದ್ದರು. ವಿಯೆಟ್ನಾಮಿನ ಗುಡ್ಡಗಳಲ್ಲಿ ನೆಟ್‌ವರ್ಕ್ ಸಿಗದೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಟೆಂಟ್ ಹಾಕಲು ಬೇರೆಯವರು ನೀರು, ನೆರಳು ನೋಡುತ್ತಾರೆ. ನಾವು ಫೋನ್ ಎತ್ತಿ ಹಿಡಿದುಕೊಂಡು ಸಿಗ್ನಲ್ ನೋಡುತ್ತಿದ್ದೆವು. ಗುಳಿಗೆ ಡಬ್ಬಿ ನಾನೇ ಇಟ್ಟುಕೊಂಡೆ. ಕಾಲ್ ಹತ್ತಿ, ಅನ್ನ ತೋರಿಸಿದ ಮೇಲೆಯೇ ಕೈಗೆ ಕೊಡುತ್ತಿದ್ದೆ. ಸಮುದ್ರ ಕಂಡಾಗ ರೇಣುಕಾ ಕುಣಿದಳು. ನಾನು ಮರಳಿನ ಮೇಲೆ ಕೂತು, ಇನ್ನು ಸೈಕಲ್ ಮುಟ್ಟುವುದಿಲ್ಲ ಎಂದು ಆಣೆ ಮಾಡಿದೆ. ಟೀಚರ್ ನೀರಿಗಿಳಿದು ಸುಮ್ಮನೆ ನಿಂತಿದ್ದರು. ಕೈ ಆಗಾಗ ಬರಿದಾದ ಕುತ್ತಿಗೆಗೆ ಹೋಗಿ ಬರುತ್ತಿತ್ತು.

ಊರಿಗೆ ಬಂದ ವಾರದೊಳಗೆ ಅಯ್ಯನೋರು ಬಂದು ಹೊಸ ಲಿಂಗ ಕಟ್ಟಿದರು. ದಾರ ಹಳೆಯ ನಮೂನೆಯ ದಪ್ಪ ಹತ್ತಿಯದು, ರೇಣುಕಾ ಹೊಲಿಗೆಯನ್ನೂ ಹಾಕಿಕೊಟ್ಟಳು. ಟೀಚರ್ ಬೇಡ ಎನ್ನಲಿಲ್ಲ. ಮಾಮ ತಮ್ಮದನ್ನು ಮತ್ತೆ ಜಗಲಿಗೆ ಇಡಲಿಲ್ಲ. ಕುತ್ತಿಗೆ ತುರಿಸುವ ಮಾತು ಆಮೇಲೆ ಬರಲಿಲ್ಲ. ನನ್ನ ಆಣೆಯನ್ನು ಟೀಚರ್ ಎರಡೇ ಭಾನುವಾರಕ್ಕೆ ಮುರಿಸಿದರು.

ಅವರು ತೀರಿಕೊಂಡದ್ದು ಹೋದ ವರ್ಷ. ಸೈಕಲ್ ಮೇಲೂ ಅಲ್ಲ, ಪರದೇಶದಲ್ಲೂ ಅಲ್ಲ, ನಾನು ಹೆದರಿದ್ದ ಯಾವ ರೀತಿಯಲ್ಲೂ ಅಲ್ಲ. ಮಧ್ಯಾಹ್ನ ಊಟವಾದ ಮೇಲೆ ಎದೆ ಹಿಡಿದಂತಾಗಿದೆ ಎಂದು ಮಲಗಿದವರು ಏಳಲಿಲ್ಲ. ನಾನು ರಸ್ತೆಯ ಈ ಕಡೆ, ಅಂಗಡಿ ಮುಚ್ಚಿ ಊಟಕ್ಕೆ ಬಂದು ಮನೆಯಲ್ಲೇ ಇದ್ದೆ. ಅಷ್ಟು ವರ್ಷ ಕಾದು, ಹೆದರಿ, ಡಬ್ಬಿ ಹಿಡಿದುಕೊಂಡು ತಿರುಗಿದವಳಿಗೆ ಆ ಹೊತ್ತಿನಲ್ಲಿ ಮನಸ್ಸಿಗೆ ಏನೂ ತಟ್ಟಿರಲಿಲ್ಲ... ತವರೂರು ಲೋಕಿಕೆರೆಯ ಹೊಲದಲ್ಲಿ ಮಣ್ಣು ಮಾಡಿದರು.

ಅಂಗಡಿಯಲ್ಲಿ ಆ ಎಣ್ಣೆ ಚೆಲ್ಲಿದ ದಿನ ಮಧ್ಯಾಹ್ನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ರೊಟ್ಟಿ, ಪಲ್ಯ ತೆಗೆದುಕೊಂಡು ಎದುರು ಮನೆಗೆ ಹೋದೆ. ಮಾಮ ತಟ್ಟೆ ಮುಂದಿಟ್ಟುಕೊಂಡು, ಕರಡಿಗೆ ಹೊರಗೆ ತೆಗೆದು ಹಿಡಿದವರು ಹಾಗೇ ಕೂತುಬಿಟ್ಟರು. ಲಾವೋಸಿನ ವಾಸನೆ ಬಂತು ಮಾಮ ಇವತ್ತು ಎಂದು ನಾನು ಹೇಳಿದ್ದೇ ಅದಕ್ಕೆ ಕಾರಣವಿರಬೇಕು.

"ಅವತ್ತು ನನಗೆ ಅನ್ನ ಕಂಡಿರ್ಲಿಲ್ಲವ್ವ" ಎಂದರು.

ನನಗೆ ತಕ್ಷಣ ತಿಳಿಯಲಿಲ್ಲ.

"ಕಟ್ಟಾಗಿ ಮತ್ತೆ ಹತ್ತಿತಲ್ಲ, ಆವಾಗ ನಿಮ್ಮ ಕಡೀದು ಏನೂ ಬರ್ಲಿಲ್ಲ. ಬರೇ ಕರ್ರಗೆ. ದನಿ ಅಷ್ಟೇ ಬರ್ತಿತ್ತು. ಕಾಣ್ತೈತೇನ್ರಿ ಅಂದ್ಲು. ಇಲ್ಲ ಅಂದಿದ್ರೆ ಬುಟ್ಟಿ ಕೆಳಗಿಡ್ತಿದ್ಲು. ಕಾಣ್ತೈತೆ ಅಂದ್ಬಿಟ್ಟೆ."

"ಹಬೆ ಬರ್ತೈತೆ ಅಂದ್ರಲ್ಲ ಮಾಮ..."

"ಅದೂ ಸುಳ್ಳೇ. ಮುಂದಿನ ಊಟದಿಂದ ಎಲ್ಲ ಚಲೋ ಕಾಣ್ತಿತ್ತು. ಆ ಒಂದು ಊಟ ಮಾತ್ರ ಲಿಂಗಕ್ಕೆ ತೋರಿಸ್ಲಾರ್ದೆ ಉಂಡ್ಲು, ನನ್ನ ಮಾತು ನಂಬಿ. ತಪ್ಪಾತೇನವ್ವ?"

ಆ ಚಪ್ಪರದ ಕೆಳಗಿನ ತಣ್ಣನೆಯ ಕೈ ನನಗೆ ನೆನಪಾಯಿತು. ನೀವು ಕಾಣಲ್ಲ ಅಂದಿದ್ದರೆ ಟೀಚರನ್ನು ಅಲ್ಲೇ ಬಿಟ್ಟು ಬರಬೇಕಾಗುತ್ತಿತ್ತು ಮಾಮ ಎಂದೆ. ಅದು ಅವರಿಗೂ ಗೊತ್ತಿತ್ತು. ಅವರು ಕೇಳಿದ್ದು ನನ್ನನ್ನಲ್ಲ.

"ಹೇಳಿಬಿಡಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ಬೈತಾಳೆ ಅಂತ ಹೆದರಿಕಿ. ನಾಳೆ ಹೇಳಿದ್ರಾತು, ಹಬ್ಬ ಆಗ್ಲಿ ಹೇಳಿದ್ರಾತು ಅಂತ ಮುಂದಕ್ಕೆ ಹಾಕ್ತಾ ಬಂದೆ. ಬೈದಿದ್ರೆ ಬೈಸ್ಕೋಬೌದಿತ್ತು."

ಇಷ್ಟು ಹೇಳಿ ಅವರು ಕರಡಿಗೆಯನ್ನು ತಟ್ಟೆಯ ಕಡೆ ಹಿಡಿದು, ಕಣ್ಣಿಗೊತ್ತಿಕೊಂಡು, ರೊಟ್ಟಿ ಮುರಿದರು. ಟೀಚರ್ ಇದ್ದ ಮನೆಯಲ್ಲಿ ಅಷ್ಟು ಸದ್ದಿಲ್ಲದೆ ಯಾರೂ ಉಂಡದ್ದಿಲ್ಲ. ಅವರು ಉಂಡು ಮುಗಿಸುವ ತನಕ ನಾನು ಅಲ್ಲೇ ಕೂತಿದ್ದೆ.